ಮುಂದಿನ ಚಕ್ಕಡಿ, ಹಿಂದಿನ ಮಾತು

ನಾಲ್ಕು ಮಂದಿಗೆ ಹಿರಿತನ ಮಾಡಲು ಹೊರಟವನು ನಗೆಪಾಟಲಾಗದೆ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ನನ್ನ ಪಾಳಿ ಮೊದಲ ದಿನವೇ ಬಂತು. ಅದೂ ಮೂರು ಸಲ.

ಲಾರಿಗಳು ಬರುವುದಕ್ಕಿಂತ ಮೊದಲಿನ ಮಾತು. ಮೂಡಲಗಿಯ ಬೆಲ್ಲ ಧುಪದಾಳದ ಹತ್ತಿರದ ರೈಲು ಠೇಸನ್ನಿಗೆ ಎತ್ತಿನ ಚಕ್ಕಡಿಯ ಮೇಲೆಯೇ ಹೋಗಬೇಕು. ಏಳು ಚಕ್ಕಡಿ. ಮುಂದಿನ ಚಕ್ಕಡಿ ಹೊಡೆಯುವವನು ಉಳಿದ ಆರು ಮಂದಿಗೆ ಹಿರಿಯ. ಆ ಕೆಲಸದ ಹಳಬ ಕಾಲು ಮುರಿದುಕೊಂಡಿದ್ದ. ಬೆಲ್ಲದ ಸಾವುಕಾರರು ನನ್ನನ್ನು ಕರೆದರು.

"ಹೊತ್ತು ಮುಳುಗೂದ್ರೊಳಗ ಮಾಲು ರೈಲಿಗೆ ಏರಬೇಕು. ಏರಿದ್ರ ಮುಂದಿನ ಚಕ್ಕಡಿ ಕಾಯಂ ನಿಂದು. ತಪ್ಪಿದ್ರ ಇನ್ನೊಬ್ಬನ್ನ ನೋಡ್ತೀನಿ."

ಬೆಳಕು ಹರಿಯುತ್ತಲೇ ಹೂಡಿದೆವು.

೧. ಎತ್ತಿನ ಮರ್ಯಾದೆ

ಹಿರಿಯ ಎಂದರೆ ಒದರಬೇಕು ಎಂದು ತಿಳಿದಿದ್ದೆ. ಊರು ದಾಟುವುದರೊಳಗೆ ಆರೂ ಮಂದಿಯನ್ನು ಬೈದು ಮುಗಿಸಿದ್ದೆ. "ಏ ಮಬ್ಬ, ಹಗ್ಗ ಬಿಗಿ." "ಏ ಮೈಗಳ್ಳ, ಕಣ್ಣು ತೆಗಿ." ನಡುನಡುವೆ ನನ್ನ ಎತ್ತುಗಳಿಗೆ, "ನನ್ನ ರಾಜಾ, ದಣಿದೇನೋ? ಇನ್ನೊಂದೀಟು ನಡಿ ನಮ್ಮಪ್ಪಾ" ಎನ್ನುತ್ತಿದ್ದೆ. ಅದು ನಮ್ಮ ಮನೆಯ ರೂಢಿ.

ಹಳ್ಳದಲ್ಲಿ ನೀರು ಕುಡಿಸಲು ಎತ್ತು ಬಿಚ್ಚಿದವರು ಮತ್ತೆ ಹೂಡಲಿಲ್ಲ. ಆರೂ ಮಂದಿ ಬೇವಿನ ನೆರಳಿಗೆ ಕೂತರು.

"ಏನ್ ಬೇಕು ನಿಮಗ?" ಎಂದೆ.

ಒಬ್ಬ ಎದ್ದು ನಿಂತು ನಯವಾಗಿ ಹೇಳಿದ. "ಹೆಚ್ಚಿಗಿ ಏನೂ ಬ್ಯಾಡ್ರಿ ಅಣ್ಣಾರ. ಎತ್ತಿಗೆ ಹೆಂಗ ಮಾತಾಡ್ತೀರಿ, ನಮಗೂ ಹಂಗ ಮಾತಾಡ್ರಿ."

ಬಿಸಿಲು ಏರುತ್ತಿತ್ತು. "ಏಳ್ರಪ್ಪಾ" ಎಂದೆ. ಐದು ಮಂದಿ ಎದ್ದರು. ಆರನೆಯವನು ಕೂತೇ ಇದ್ದ. ಅವನಿಗೆ "ನನ್ನ ರಾಜಾ" ಎಂದೂ ಅನ್ನಬೇಕಾಯಿತು.

೨. ಹುಕ್ಕೇರಿಯವನ ದುಃಖ

ಅರ್ಧ ದಾರಿಯಲ್ಲಿ ಕೊನೆಯ ಚಕ್ಕಡಿ ಹಿಂದೆ ಬಿತ್ತು. ಅದನ್ನು ಹೊಡೆಯುವವನು ಹುಕ್ಕೇರಿಯವನು. ಬೈಯುವಂತಿಲ್ಲ. ನನ್ನ ಎತ್ತುಗಳು ದಾರಿ ಬಲ್ಲವು. ಅವುಗಳನ್ನು ನಡೆಯಲು ಬಿಟ್ಟು ಇಳಿದು, ಅವನ ಬಾಜೂಕ್ಕೆ ಹೋದೆ.

"ಯಾಕಪ್ಪಾ, ಏನ್ ತ್ರಾಸು?"

ಜನ್ಮದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ ಎಂದು ಕಾಣುತ್ತದೆ. ತಮ್ಮನ ಲಗ್ನದಲ್ಲಿ ಬೀಗರು ಅವನನ್ನು ಎರಡನೆಯ ಪಂಕ್ತಿಗೆ ಕೂರಿಸಿದ್ದು, ಅಷ್ಟರಲ್ಲಿ ಹೋಳಿಗೆ ತೀರಿದ್ದು, ಹೆಂಡತಿ ಇವತ್ತಿಗೂ ಅದನ್ನೇ ಆಡಿ ನಗುವುದು, ಎಲ್ಲ ಹೇಳಿದ. ಒಂದು ಮೈಲು ಬಾಜೂಕ್ಕೆ ನಡೆಯುತ್ತ ಕೇಳಿದೆ.

"ಅದೆಲ್ಲ ಖರೆ. ಚಕ್ಕಡಿ ಯಾಕ ಹಿಂದ ಬಿತ್ತು?"

"ಆ ಬೀಗರ ಊರಿನ ಹಾದಿ ಕಂಡ್ತ್ರಿ. ಕೈಕಾಲು ಆಡಲಿಲ್ಲ. ಈಗ ಎದಿ ಹಗುರಾತ್ರಿ."

"ಮತ್ತ ಈಗರ ಯಾಕ ಹಿಂಗ ನಿಧಾನ?"

"ನೀವು ನಡಕೊಂತ ಬರಾಕತ್ತೀರಲ್ರಿ. ನಿಮ್ಮನ್ನ ಬಿಟ್ಟು ಹೋದ್ರ ಛಲೋ ಕಾಣ್ತೈತೇನ್ರಿ?"

೩. ಒಂದೇ ಮಾತು

ಹೊತ್ತು ಇಳಿಯುತ್ತಿತ್ತು. ಇನ್ನು ಯಾರ ಕಥೆಯೂ ಬೇಡ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಓಡಿ ಹೋಗಿ ನನ್ನ ಚಕ್ಕಡಿ ಏರಿ ಬೇಗ ಬೇಗ ಹೊಡೆದೆ. ನನ್ನ ಹಿಂದಿನ ಚಕ್ಕಡಿ ಒಬ್ಬ ಮುದುಕನದು. ಎಲ್ಲರೂ ಅವನಿಗೆ ಚಾಚಾ ಎನ್ನುತ್ತಿದ್ದರು. ಅವನು ಇಳಿದು ಓಡಿ ಬಂದು, ನನ್ನ ಪಕ್ಕದಲ್ಲಿ ಕೆಮ್ಮಿದ.

"ತಮ್ಮಾ, ಒಂದ್ ಮಾತು."

"ಠೇಸನ್ ಮುಟ್ಟಲಿ ಚಾಚಾ."

ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೆಮ್ಮಿದ. "ಒಂದ ಮಾತಪಾ."

"ಹೊತ್ತಿಲ್ಲರಿ ಚಾಚಾ."

ಮೂರನೆಯ ಸಲ ಕೆಮ್ಮಿದಾಗ, "ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ ಚಕ್ಕಡಿ ಏರ್ರಿ" ಎಂದೆ. ಬೈಯದೆ ಹೇಳಿದೆನಲ್ಲ ಎಂದು ನನ್ನ ಮೇಲೆ ನನಗೇ ಮೆಚ್ಚುಗೆಯಾಯಿತು.

ರೈಲಿನ ಕೈಮರ ಕಣ್ಣಿಗೆ ಬಿತ್ತು. ಆಗಲೇ ನನ್ನ ಚಕ್ಕಡಿಯ ಬಲಗಡೆಯ ಗಾಲಿ ಅಚ್ಚಿನ ತುದಿಗೆ ಸರಿದು ವಾಲಿತು. ಇಳಿದು ನೋಡಿದರೆ, ಗಾಲಿ ಕಳಚದಂತೆ ಹಿಡಿಯುವ ಕಬ್ಬಿಣದ ಕೀಲು ಇಲ್ಲ. ದಾರಿಯಲ್ಲಿ ಎಲ್ಲೋ ಬಿದ್ದಿದೆ. ಹಾದಿ ಕಿರಿದು. ಹಿಂದಿನ ಆರೂ ಚಕ್ಕಡಿ ನಿಂತವು. ಅತ್ತ ರೈಲು ಕೂಗಿತು. ನಾನು ಮೊಣಕಾಲೂರಿ ಧೂಳು ಕೆದರಿದೆ. ಎಲ್ಲರೂ ಬಾಗಿ ಹುಡುಕಿದರು.

ಚಾಚಾ ಒಬ್ಬನೇ ಹುಡುಕಲಿಲ್ಲ. ಹೆಗಲ ಮೇಲಿನ ವಲ್ಲಿಬಟ್ಟೆಯ ಗಂಟು ಬಿಚ್ಚುತ್ತಿದ್ದ.

"ತಮ್ಮಾ, ಇದು ನಿಂದ ಏನಪಾ? ಆ ತಿರುವಿನ್ಯಾಗ ಬಿದ್ದಿತ್ತು."

'ಆಗಲೇ ಹೇಳಬಾರದೇನ್ರಿ' ಎನ್ನಲು ಬಾಯಿ ತೆರೆದೆ. ಮುಚ್ಚಿದೆ.

ಎಲ್ಲರೂ ಹೆಗಲು ಕೊಟ್ಟು ಚಕ್ಕಡಿ ಎತ್ತಿದರು. ಗಾಲಿ ಒಳಗೆ ಸರಿಯಿತು, ಕೀಲು ಕೂತಿತು. ಬೆಲ್ಲದ ಕೊನೆಯ ಪೆಂಟೆ ರೈಲಿಗೆ ಏರಿದಾಗ ಸೂರ್ಯನ ಅಂಚು ಇನ್ನೂ ಉಳಿದಿತ್ತು.

ಮುಂದಿನ ಚಕ್ಕಡಿ ಬಹಳ ವರ್ಷ ನನ್ನ ಕೈಯಲ್ಲೇ ಇತ್ತು. ಚಾಚಾ ಕೆಮ್ಮಿದ್ದು ಕೇಳಿದರೆ ಸಾಕು, ಏಳೂ ಚಕ್ಕಡಿ ನಿಲ್ಲಿಸಿ, ಇಳಿದು ಹೋಗಿ, "ಹೇಳ್ರಿ ಚಾಚಾ" ಎನ್ನುತ್ತಿದ್ದೆ.

ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಕೆಮ್ಮೇ ಆಗಿರುತ್ತಿತ್ತು.