ರಾಜ್ಯೋತ್ಸವದ ಊಟದ ಹಂಚಿಕೆ ನಿಯಮಾವಳಿ

ಸಿಡ್ನಿಯ ಗಿರಾವೀನ್‌ನಲ್ಲಿರುವ ಸಹಪಂಕ್ತಿ ಕನ್ನಡ ಕೂಟದಲ್ಲಿ ನಲವತ್ತೆರಡು ಮನೆಗಳಿದ್ದು, ಹದಿನಾರು ವರ್ಷಗಳಲ್ಲಿ ರಾಜ್ಯೋತ್ಸವದ ಊಟ ಒಮ್ಮೆಯೂ ಕಡಿಮೆ ಬಿದ್ದಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಈ ಗಂಭೀರ ಲೋಪ ಮೊದಲು ಕಣ್ಣಿಗೆ ಬಿದ್ದದ್ದು ಪ್ರೊಫೆಸರ್ ಲಕ್ಷ್ಮೀಶರಿಗೆ.

ಲಕ್ಷ್ಮೀಶರು ಸಂಸ್ಥೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಅವರ ಒಂದು ಶಿಫಾರಸನ್ನೂ ಯಾವ ಸಂಸ್ಥೆಯೂ ಜಾರಿಗೆ ತಂದಿರಲಿಲ್ಲ. ಅವರ ವಿಭಾಗವೂ ತಂದಿರಲಿಲ್ಲ, ಅವರ ಮನೆಯೂ ತಂದಿರಲಿಲ್ಲ. ಕಣ್ಣು ಮುಚ್ಚುವುದರೊಳಗೆ ಒಂದಾದರೂ ಜಾರಿಯಾಗಲಿ ಎಂಬುದೊಂದೇ ಅವರ ಆಸೆ.

ಕೂಟಕ್ಕೆ ಒಬ್ಬರು ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಏಳು ಮಂದಿ ಕಾರ್ಯದರ್ಶಿಗಳು. ಊಟ ಯಾರ ಹೊಣೆ ಎಂದು ಲಕ್ಷ್ಮೀಶರು ಒಬ್ಬೊಬ್ಬರನ್ನೂ ಕೇಳಿದರು. ಹತ್ತೂ ಜನ, "ಅದು ಆಗುತ್ತೆ ಸಾರ್" ಎಂದರು. ಆಗಿಸುತ್ತಿದ್ದವರು ಯಾವ ಹುದ್ದೆಯೂ ಇಲ್ಲದ ಅನಸೂಯಾ, ನಿವೃತ್ತ ಅರಿವಳಿಕೆ ವೈದ್ಯೆ. ಹಬ್ಬಕ್ಕೆ ಎರಡು ವಾರವಿರುವಾಗ ಆಕೆ ಮನೆಮನೆಗೆ ಫೋನ್ ಮಾಡಿ, ಒಬ್ಬರಿಗೆ ಕೋಸಂಬರಿ, ಒಬ್ಬರಿಗೆ ಪಾಯಸ, ಇನ್ನೊಬ್ಬರಿಗೆ ಪೇಪರ್ ಪ್ಲೇಟ್ ಎಂದು ಹೇಳುತ್ತಿದ್ದರು. ಬಿಸಿಬೇಳೆಬಾತ್ ಮಾತ್ರ ತಾವೇ ಮಾಡುತ್ತಿದ್ದರು. ಜನ "ಹ್ಞೂಂ ಆಂಟಿ" ಎನ್ನುತ್ತಿದ್ದರು. ಅಷ್ಟೇ ವ್ಯವಸ್ಥೆ.

ಲಕ್ಷ್ಮೀಶರ ಪಾಲಿಗೆ ಹನ್ನೊಂದು ವರ್ಷದಿಂದ ಪೇಪರ್ ಪ್ಲೇಟೇ. ಪ್ಲೇಟಿಲ್ಲದೆ ಊಟವಿಲ್ಲವಲ್ಲ, ಅದಕ್ಕೇ ನಂಬಿಕಸ್ಥರಿಗೆ ವಹಿಸುತ್ತಾರೆಂದು ಅವರು ತಿಳಿದಿದ್ದರು.

"ಯಾವ ಆಧಾರದ ಮೇಲೆ ಹಂಚ್ತೀರಿ, ಡಾಕ್ಟರ್?" ಎಂದು ಅವರು ಅನಸೂಯಾರನ್ನು ಕೇಳಿದರು.

"ಎಲ್ಲರ ಮನೇಲೂ ಒಂದೊಂದ್ ಸಲ ಊಟ ಮಾಡಿದೀನಲ್ಲ."

"ಅದನ್ನ ಬರೆದಿಡಬೇಕು. ನಾಳೆ ನೀವಿಲ್ಲದಿದ್ರೆ ಸಿಸ್ಟಮ್ ನಿಲ್ಲಬಾರದು."

"ನಾನಿಲ್ಲದಿದ್ರೆ ಇನ್ನೊಬ್ಬಳು ಫೋನ್ ಮಾಡ್ತಾಳೆ. ಬರೀಬೇಡಿ, ಲಕ್ಷ್ಮೀಶ. ಬಾಯಲ್ಲಿದ್ರೆ ಊಟ, ಕಾಗದಕ್ಕೆ ಬಂದ್ರೆ ಜಗಳ."

ಇದು ಬದಲಾವಣೆಗೆ ಒಡ್ಡುವ ಸಹಜ ಪ್ರತಿರೋಧವೆಂದು ಲಕ್ಷ್ಮೀಶರು ಗುರುತು ಹಾಕಿಕೊಂಡರು. ಅವರು ಮೂರು ಸಲ ಆಕೆಯ ಮನೆಗೆ ಕಾಫಿಗೆ ಹೋಗಿ ಕೂತ ಮೇಲೆ, ಅವರನ್ನು ಎಬ್ಬಿಸಿ ಕಳಿಸಲು ಬೇರೆ ದಾರಿ ಕಾಣದೆ ಅನಸೂಯಾ ಎಲ್ಲವನ್ನೂ ಹೇಳಿ ಬರೆಸಿದರು. ಸಂಶೋಧಕ ಮಾಹಿತಿಯನ್ನು ತಿದ್ದಬಾರದು. ಲಕ್ಷ್ಮೀಶರು ತಿದ್ದಲಿಲ್ಲ. ಪಾರದರ್ಶಕತೆಯ ದೃಷ್ಟಿಯಿಂದ ಅದನ್ನು ಕೂಟದ ವಾಟ್ಸಾಪ್ ಗುಂಪಿಗೂ ಹಾಕಿದರು.

"ಗೌತಮ್, ಮಾರ್ಸ್ಡನ್ ಪಾರ್ಕ್: ಪ್ಲೇಟ್. ಕಾರಣ, ಉಪ್ಪಿನ ಅಂದಾಜಿಲ್ಲ. ನೀಲಾಂಬಿಕಾ: ಮೊಸರು ಮಾತ್ರ. ಕಾರಣ, ಅದು ಅಂಗಡಿಯದು. ಲಕ್ಷ್ಮೀಶ: ಪ್ಲೇಟ್. ಕಾರಣ, ಒಗ್ಗರಣೆ ಇಟ್ಟು ಉಪನ್ಯಾಸ ಶುರುಮಾಡುತ್ತಾರೆ, ಸೀಯುತ್ತದೆ."

ಗೌತಮ್‌ನ ಫೋನ್ ಐದೇ ನಿಮಿಷಕ್ಕೆ ಬಂತು. "ಅಂಕಲ್, ನಮ್ಮನೆ ದೂರ ಅಂತ ಪ್ಲೇಟ್ ಕೊಡ್ತಿದಾರೆ ಅಂದ್ಕೊಂಡಿದ್ದೆ. ಈ ಸಲ ಬಿಸಿಬೇಳೆಬಾತ್ ನಂದೇ. ರೈಟಿಂಗಲ್ಲಿ ಕೊಡಿ."

ಸಂಜೆಯೊಳಗೆ ಅನಸೂಯಾರದು ಬಿಟ್ಟು ಉಳಿದ ನಲವತ್ತೊಂದು ಮನೆಗಳೂ ಬಿಸಿಬೇಳೆಬಾತ್ ಕೇಳಿದ್ದವು. ಅವುಗಳಲ್ಲಿ ಲಕ್ಷ್ಮೀಶರದೂ ಒಂದು. ಸಂಶೋಧನೆ ಬೇರೆ, ಮರ್ಯಾದೆ ಬೇರೆ. ಪರಿಹಾರವಾಗಿ ಅವರು ರಾತ್ರಿಯೇ ಕೂತು ನಿಯಮಾವಳಿಯೊಂದನ್ನು ಬರೆದು ಶಿಫಾರಸು ಮಾಡಿದರು. ಕೂಟ ತುರ್ತುಸಭೆ ಕರೆದು ಅದನ್ನು ಅವಿರೋಧವಾಗಿ ಅಂಗೀಕರಿಸಿತು:

"ನಿಯಮ ಮೂರು: ಬಿಸಿಬೇಳೆಬಾತ್ ಮಾಡುವ ಹಕ್ಕು ಸರ್ವ ಸದಸ್ಯರಿಗೂ ಸಮಾನ. ನಿಯಮ ನಾಲ್ಕು: ಹಂಚಿಕೆಯಿಂದ ನೊಂದವರು ಮೇಲ್ಮನವಿ ಸಲ್ಲಿಸಬಹುದು. ನಿಯಮ ಐದು: ಮೇಲ್ಮನವಿ ಇತ್ಯರ್ಥವಾಗುವ ತನಕ, ಪಕ್ಷಪಾತಕ್ಕೆ ಎಡೆಯಾಗದಂತೆ, ಮನವಿದಾರರೂ ಪ್ರತಿವಾದಿಗಳೂ ಪೇಪರ್ ಪ್ಲೇಟ್ ಮಾತ್ರ ತರತಕ್ಕದ್ದು."

ಲಕ್ಷ್ಮೀಶರು ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಇಂಥದೇ ಕೂಟ ನಡೆಸುವ ಗೆಳೆಯ ಗೋಪೀನಾಥರಿಗೆ ಫೋನ್ ಮಾಡಿದರು.

"ಜಾರಿಗೆ ಬಂತು ಕಣೋ."

"ಏನು?"

"ನನ್ನ ಶಿಫಾರಸು."

"ನಿಂದಾ? ಸರಿಯಾಗಿ ಓದಿದಾರೇನೋ? ಇರು, ಊಟಕ್ಕೆ ನಾನೇ ಬರ್ತೀನಿ."

ನಲವತ್ತೊಂದು ಮನೆಗಳೂ ಅನಸೂಯಾರ ಹಂಚಿಕೆಯ ವಿರುದ್ಧ ಮೇಲ್ಮನವಿ ಸಲ್ಲಿಸಿದವು. ಮೇಲ್ಮನವಿ ಸಮಿತಿಯ ಐವರೂ ಮನವಿದಾರರೇ ಆಗಿದ್ದರಿಂದ ವಿಚಾರಣೆ ನಡೆಯಲಿಲ್ಲ. ರಾಜ್ಯೋತ್ಸವ ಮಾತ್ರ ನಿಗದಿತ ದಿನವೇ ನಡೆಯಿತು. ನಾಡಗೀತೆಯಾಯಿತು, ಭಾಷಣಗಳಾದವು. ನಲವತ್ತೆರಡು ಮನೆಯವರು ತಂದ ಪ್ಲೇಟುಗಳು ಮೇಜಿನ ಮೇಲೆ ಎದೆಮಟ್ಟ ನಿಂತಿದ್ದವು.

ಮೊದಲ ಪಂಕ್ತಿ ಕೂತಿತು. ಬಡಿಸುವವರು ಸಾಲಾಗಿ ಬಂದು ಎಲ್ಲರ ಮುಂದೆ ಒಂದೊಂದು ಪ್ಲೇಟ್ ಇಟ್ಟರು. "ಇನ್ನೊಂದು ಹಾಕ್ಲಾ? ಸಂಕೋಚ ಬೇಡ" ಎಂದು ಉಪಚರಿಸಿದರು. ಜನ "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿದರು.

"ಮಮ್, ವೇರ್ ಈಸ್ ದ ಫುಡ್?" ಎಂದಳು ನೀಲಾಂಬಿಕಾ ಅವರ ಮಗಳು ಆದ್ಯಾ.

"ಅಪೀಲಲ್ಲಿದೆ ಪುಟ್ಟಾ. ನೆಟ್ಟಗೆ ಕೂತ್ಕೋ, ಅಂಕಲ್ ನೋಡ್ತಿದಾರೆ."

ಉಪ್ಪು ಜಾಸ್ತಿಯಾಯಿತೆಂದು ಈ ಸಲ ಒಬ್ಬರೂ ಹೇಳಲಿಲ್ಲ. ಗೌತಮ್ ಇದನ್ನು ಅಕ್ಕಪಕ್ಕದವರ ಗಮನಕ್ಕೆ ತಂದ. ಗೋಪೀನಾಥರು ಮೊದಲ ಪಂಕ್ತಿಯಲ್ಲೇ ಮುಗಿಸಿ ಎದ್ದು ಬಂದು, "ನಮ್ಮಲ್ಲಿ ಪ್ರತಿ ಸಲ ಅನ್ನ ಮಿಕ್ಕಿ ರಾಮಾಯಣ. ಮೆಲ್ಬರ್ನ್‌ಗೂ ಒಂದು ಕಾಪಿ ಕಳಿಸೋ" ಎಂದರು.

ಲಕ್ಷ್ಮೀಶರು ಇಂದೇ ಕಳಿಸುವುದಾಗಿ ಮಾತು ಕೊಟ್ಟರು. ಹೊಟ್ಟೆ ಮಾತ್ರ ಹಸಿದಿತ್ತು. ಅವರು ಅನಸೂಯಾರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದರು. "ಡಾಕ್ಟರ್, ನೀವಾದ್ರೂ ಏನಾದ್ರೂ..."

"ನಲವತ್ತೊಂದು ಕೇಸಲ್ಲೂ ನಾನೇ ಪ್ರತಿವಾದಿ, ಲಕ್ಷ್ಮೀಶ. ನಿಯಮ ಐದು ನಿಮ್ದೇ ಅಲ್ವಾ? ಹತ್ತು ಪ್ಯಾಕೆಟ್ ತಂದಿದೀನಿ, ದೊಡ್ಡ ಸೈಜು."

ಅಷ್ಟರಲ್ಲಿ ಎರಡನೇ ಪಂಕ್ತಿಯವರು ಕೂತವರ ಬೆನ್ನಿಗೆ ಬಂದು ನಿಂತಾಗಿತ್ತು. ಲಕ್ಷ್ಮೀಶರೂ ಜಾಗ ತಪ್ಪೀತೆಂದು ಅವಸರವಸರವಾಗಿ ಹೋಗಿ, ಇನ್ನೂ ಮುಗಿಸಿರದ ಒಬ್ಬರ ಕುರ್ಚಿಯನ್ನು ಹಿಂದಿನಿಂದ ಹಿಡಿದುಕೊಂಡರು.