ಹೆಸರು ಹೇಳದೆ ಓದುವ ಉಪಾಯ

ನನಗಾಗ ಅರವತ್ತಾರು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಕೆಲವು ಹೆಂಗಸರಿಗೆ ಮೊಣಕಾಲು ನೋವು ಹತ್ತುತ್ತದೆ, ಕೆಲವರಿಗೆ ಭಜನೆ ಹತ್ತುತ್ತದೆ. ನನಗೆ ಕಾದಂಬರಿ ಹತ್ತಿತು. ಸಂಜೆ ಶಾಲೆಯಲ್ಲಿ, ಮುದುಕಿಯರ ನಡುವೆ ಸ್ಲೇಟು ಹಿಡಿದು ಕಲಿತ ಅಕ್ಷರ ನನ್ನದು. ಇಲ್ಲಿ ತಪ್ಪು ಕಂಡರೆ ನೀವೇ ತಿದ್ದಿ ಓದಿಕೊಳ್ಳಿ, ನನಗೆ ಹೇಳಿ ಕಳಿಸಬೇಡಿ. ಅಕ್ಷರ ಕಲಿತವರಿಗಿಂತ ಅಕ್ಷರದ ತಪ್ಪು ಹುಡುಕುವವರೇ ಈ ಲೋಕದಲ್ಲಿ ಹೆಚ್ಚು.

ನಮ್ಮ ಕೂಡ್ಲಿಗಿ ಕಡೆ ಬೇಸಿಗೆ ಬಂತೆಂದರೆ ಹುಣಸೆಹಣ್ಣಿನ ಕೆಲಸ. ನಮ್ಮ ಮನೆ ಮುಂದಿನ ಬೇವಿನ ನೆರಳಿನಲ್ಲಿ ಓಣಿಯ ಹೆಂಗಸರು ಕುಳಿತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಾರೆ. ಕೈಗೆ ಕೆಲಸವಿದ್ದರೂ ಬಾಯಿಗೆ ಇರುವುದಿಲ್ಲ. ಖಾಲಿ ಬಾಯಿ ಊರ ಸೊಸೆಯಂದಿರನ್ನೆಲ್ಲ ಒಬ್ಬೊಬ್ಬರಾಗಿ ಕುಟ್ಟಲು ಶುರುಮಾಡುತ್ತದೆ. ಅದನ್ನು ಕೇಳಿ ಕೇಳಿ ಸಾಕಾಗಿ ಪಂಚಾಯಿತಿಯ ಲೈಬ್ರರಿಯಿಂದ ಒಂದು ಕಾದಂಬರಿ ತಂದು ಗಟ್ಟಿಯಾಗಿ ಓದತೊಡಗಿದೆ. ಓದುವವಳು ನಾನೊಬ್ಬಳೇ ಆದ್ದರಿಂದ ನನಗೆ ಹಣ್ಣು ಕುಟ್ಟುವುದು ತಪ್ಪಿತು. ಓದಿನಿಂದ ಜ್ಞಾನ ಬರುತ್ತದೆ ಎಂದು ಮಾಸ್ತರರು ಹೇಳುತ್ತಾರೆ. ಅದು ಬಂದಾಗ ಬರಲಿ, ಈ ಲಾಭವಂತೂ ಕೂಡಲೇ ಬಂತು.

ಕಥೆ ನೀಲವ್ವ ಎನ್ನುವವಳದು. ಗಂಡನ ಏಟು ತಾಳಲಾರದೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ಮಳೆಯಲ್ಲಿ ನಡೆದು, ತವರಿನ ಬಾಗಿಲಿಗೆ ಬಂದು ಚಿಲಕ ಬಡಿಯುತ್ತಾಳೆ. ಅಲ್ಲಿಗೆ ಆವತ್ತಿನ ಹಣ್ಣು ಮುಗಿಯಿತು, ನಾನು ಪುಸ್ತಕ ಮುಚ್ಚಿದೆ. ಪಕ್ಕದ ಮನೆಯ ಓಬಮ್ಮ ಬಿಡಲೊಲ್ಲಳು.

"ಯಕ್ಕಾ, ಬಾಗ್ಲ ತೆಗೀತಾರೋ ಇಲ್ಲೋ ಅಷ್ಟು ಹೇಳಿ ಮುಚ್ಚೇ. ನನಿಗೆ ಕೂಳು ಸೇರಂಗಿಲ್ಲ."

"ನಾಳಿ ಬಾರೇ. ಅಕಿ ಎಲ್ಲಿ ಹೋಗ್ತಾಳ, ಅಲ್ಲೇ ನಿಂತಿರ್ತಾಳ."

"ಮಳ್ಯಾಗ ಕೂಸು ತೋಯ್ತೈತಲ್ಲೇ!"

ಅವತ್ತು ಸಂಜೆಯೇ ನನ್ನ ಮಗಳು ರೇಣುಕಾ ಮೊಬೈಲು ಹಿಡಿದುಕೊಂಡು ಬಂದಳು. ಇವಳನ್ನು ತಂಬ್ರಹಳ್ಳಿಗೆ ಕೊಟ್ಟಿದ್ದೆವು. ಗಂಡನ ಮನೆ ಸಾಕೆಂದು ಬಿಟ್ಟು ಬಂದು ಎರಡು ವರ್ಷವಾಗಿತ್ತು. ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಊರಿನವರ ಕುಪ್ಪಸ ಹೊಲಿಯುತ್ತಾಳೆ. "ನೋಡವ್ವಾ ನಿನ್ನ ದೇವರನ್ನ" ಎಂದು ಮೊಬೈಲು ನನ್ನ ಮೂಗಿಗೆ ಹಿಡಿದಳು. ನೋಡಿದರೆ ನೀಲವ್ವನ ಕಥೆ ಬರೆದ ಮನುಷ್ಯ. ಕೊಟ್ಟೂರಿಗೆ ಬಂದಿದ್ದಾನೆ, ಶಾಲು ಹೊದಿಸಿದ್ದಾರೆ, ಹಾರ ಹಾಕಿದ್ದಾರೆ. ಮೈಕಿನ ಮುಂದೆ ನಿಂತು ಹೇಳುತ್ತಿದ್ದಾನೆ: "ಗಂಡನ ಮನೆ ಬಿಟ್ಟು ಬಂದ ಮಗಳಿಗೆ ತವರಿನ ಬಾಗಿಲು ಮುಚ್ಚಿರಬೇಕು. ಎರಡು ದಿನ ಹೊರಗೆ ನಿಂತರೆ ಬುದ್ಧಿ ತಾನಾಗಿ ಬರುತ್ತದೆ." ಕುಳಿತವರು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಹೆಂಗಸರೂ ಇದ್ದರು, ಅವರೂ ಹೊಡೆದರು.

ನನ್ನ ಮೈಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಅಲ್ಲಯ್ಯಾ, ಆ ಹುಡುಗಿಯನ್ನು ಮಳೆಯಲ್ಲಿ ನಡೆಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದವನು ನೀನು. ಅವಳ ಕಾಲಿನ ಕೆಸರು, ಕೂಸಿನ ಮೂಗು, ಎಲ್ಲ ಕಂಡವನಂತೆ ಬರೆದು ನಮ್ಮನ್ನು ಅಳಿಸಿದವನು ನೀನು. ಶಾಲು ಹೊದಿಸಿದ ಕೂಡಲೇ ಎಲ್ಲ ಮರೆತೆಯಾ? ಅಷ್ಟು ಸೆಖೆಯಲ್ಲಿ ಶಾಲು ಹೊದ್ದರೆ ಮಿದುಳು ಬೇಯುತ್ತದೆ ಎಂದು ಕಾಣುತ್ತದೆ.

"ಅವ್ವಾ, ಇನ್ನ ಮ್ಯಾಲೆ ಆ ಪುಸ್ತಕ ಈ ಮನ್ಯಾಗ ಓದಬ್ಯಾಡ" ಎಂದಳು ರೇಣುಕಾ. "ಓದಾದಾದ್ರ ಹೇಳಿಬಿಡು. ಮಿಷನ್ ಎತ್ಕೊಂಡು ಕೂಡ್ಲಿಗ್ಯಾಗ ರೂಮ್ ಮಾಡ್ತೀನಿ."

ಈಗ ನನ್ನ ಸಿಟ್ಟು ಎರಡು ಕವಲಾಯಿತು. ಅವನ ಮೇಲೆ ಇದ್ದದ್ದು ಇದ್ದೇ ಇತ್ತು, ಮಗಳ ಮೇಲೂ ಹರಿಯಿತು. ತಪ್ಪು ಮಾತಾಡಿದವನು ಅವನು, ಬಾಗಿಲಲ್ಲಿ ತೋಯಿಸಿಕೊಂಡು ನಿಲ್ಲುವವಳು ನೀಲವ್ವ. ಇದು ಯಾವ ನ್ಯಾಯ? ನಾನು ವಾದಕ್ಕೆ ಇಳಿದೆ. ನಮ್ಮ ಕಾಲದಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಹೆಂಡತಿಯನ್ನು ದಿನಾ ಹೊಡೆಯುತ್ತಿದ್ದ, ಆದರೆ ಅವನ ಕಂಬಳಿಯಲ್ಲಿ ನೀರು ಇಳಿಯುತ್ತಿರಲಿಲ್ಲ. ನಮ್ಮ ಅತ್ತೆ ಅವನಿಗೆ ಉಗಿದು ಉಗಿದು ಕಂಬಳಿ ಕೊಳ್ಳುತ್ತಿದ್ದಳು. ಇದನ್ನು ಹೇಳಿದರೆ ಮಗಳು ಕೇಳಿದಳು: "ಅದನ್ನ ಹೊದ್ಕೊಂಡು ಅವನ ಹೆಂಡ್ತಿ ಮುಂದ ಅಡ್ಡಾಡ್ತಿದ್ಲೇನು ನಮ್ಮಜ್ಜಿ? ಈಗ ನಿನ್ನ ಮುಂದ ಕುಂತಾಕಿ ನಾನು, ತಿಳ್ಕ."

ವಾದ ಸೋಲುವಾಗ ನಾನು ದನಿ ಏರಿಸುತ್ತೇನೆ. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡುವಂತಿರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದವಳನ್ನು ತಿವಿದು ಅವಳಿಂದ ಹೇಳಿಸಬೇಕು. ಅದೇ ನೆನಪಾಗಿ ಒಂದು ಉಪಾಯ ಹೊಳೆಯಿತು.

"ಲೇ ರೇಣುಕಾ, ನಿಮ್ಮಪ್ಪನ ಹೆಸರು ಹೇಳದಂಗ ಇಡೀ ಸಂಸಾರ ಮಾಡೀನಿ. ಅವನೂ ಬಾಯಿಗೆ ಬಂದದ್ದು ಆಡ್ತಿದ್ದ. ಅವನ ಜ್ವಾಳ ಉಂಡ್ವಿ, ಮಾತು ಬಿಟ್ವಿ. ಈ ಮನುಷ್ಯಾನ ಹೆಸರು ಹೇಳದಂಗ ಒಂದು ಪುಸ್ತಕ ಓದಕ್ಕಾಗಂಗಿಲ್ಲೇನು? ರಟ್ಟಿಗೆ ಪೇಪರ್ ಸುತ್ತಿಬಿಡ್ತೀನಿ, ಅವನ ಮಾರಿನೂ ಕಾಣಂಗಿಲ್ಲ."

ನನ್ನ ಜಾಣತನವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೊಲಿಗೆಗೆ ಕುಳಿತಿದ್ದ ಅವಳು ಮಿಷನ್ ನಿಲ್ಲಿಸಿದಳು.

"ನೀವು ಹೆಸರು ಹೇಳದಂಗ, ಮಾತು ನುಂಗಿ ಸಂಸಾರ ಮಾಡಿದ್ದಕ್ಕ ಅವ್ವಾ, ಇವರಿಗೆ ಮೈಕಿನ ಮುಂದ ಇಷ್ಟು ಧೈರ್ಯ ಬಂದಿರಾದು."

ಅವತ್ತು ರಾತ್ರಿ ಇಬ್ಬರೂ ಮುಖ ತಿರುಗಿಸಿಕೊಂಡು ರೊಟ್ಟಿ ತಿಂದೆವು. ಮುನಿಸಿಕೊಂಡಾಗ ನನಗೆ ರೊಟ್ಟಿ ಒಂದೆರಡು ಹೆಚ್ಚೇ ಹೋಗುತ್ತದೆ. ತಿನ್ನುತ್ತಾ ಯೋಚಿಸಿದೆ. ಓದಿದವರಿಗೆ ಇದು ಸಲೀಸು: ಬರೆದವನು ಬೇರೆ, ಬರೆದದ್ದು ಬೇರೆ ಎಂದು ಕಾಲು ಚಾಚಿ ಕುಳಿತುಬಿಡುತ್ತಾರೆ. ಅವರ ಮನೆಗೆ ಮಗಳು ತಿರುಗಿ ಬಂದಿರುವುದಿಲ್ಲ. ಹಾಗೆಂದು ಬಾಯಿ ಕೆಟ್ಟವರನ್ನೆಲ್ಲ ಬಿಡುತ್ತಾ ಹೋದರೆ ನನಗೆ ಓದಲು ಗೋಡೆಯ ಕ್ಯಾಲೆಂಡರ್ ಒಂದೇ ಉಳಿಯುತ್ತದೆ. ಅದನ್ನು ಬರೆದವರ ಬಾಯಿ ಹೇಗಿದೆಯೋ ಯಾರಿಗೆ ಗೊತ್ತು. ಓದುವುದೋ ಬಿಡುವುದೋ ನನಗೆ ಬಗೆಹರಿಯಲಿಲ್ಲ. ಮುಚ್ಚಿಟ್ಟು ಓದುವುದು ಮಾತ್ರ ತಪ್ಪು ಅನ್ನಿಸಿತು. ಪೇಪರ್ ಸುತ್ತುವ ನನ್ನ ಉಪಾಯವನ್ನು ರೊಟ್ಟಿಯ ಜೊತೆ ನುಂಗಿದೆ.

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಬಂದು ಕುಳಿತರು. ನಾನು ಪುಸ್ತಕ ತೆರೆಯಲಿಲ್ಲ. ಮೊದಲು ಆ ಮನುಷ್ಯನ ಹೆಸರನ್ನು ಊರು ಸಮೇತ ಗಟ್ಟಿಯಾಗಿ ಹೇಳಿದೆ. (ಇಲ್ಲಿ ಬರೆದರೆ ಅಚ್ಚು ಹಾಕುವವರು ಹೊಡೆದು ಹಾಕುತ್ತಾರೆ, ಅದಕ್ಕೇ ಬರೆದಿಲ್ಲ.) ಅವನು ಕೊಟ್ಟೂರಿನಲ್ಲಿ ಆಡಿದ ಮಾತನ್ನೂ ಒಂದಕ್ಷರ ಬಿಡದೆ ಹೇಳಿದೆ.

"ಅವನ ಬಾಯಾಗ ಹುಣಸಿ ಬೀಜ ತುರುಕಬೇಕು!" ಎಂದಳು ಓಬಮ್ಮ.

ನಾನು ಪಡಸಾಲೆಯ ಕಡೆ ತಿರುಗಿ ಕೂಗಿದೆ. "ರೇಣುಕಾ, ಯಾರು ಬರ್ದಾನ, ಏನು ಅಂದಾನ, ಎಲ್ಲಾ ಹೇಳೀನಿ. ನೀನು ಓದು ಅಂದ್ರ ಓದ್ತೀನಿ. ಬ್ಯಾಡ ಅಂದ್ರ ಈಗ್ಲೇ ಲೈಬ್ರರಿಗೆ ಕೊಟ್ಟು ಬರ್ತೀನಿ."

ಮಿಷನ್ ಸದ್ದು ನಿಂತಿತು.

"ಬಾಗ್ಲ ತೆಗೀತಾರೇನು ನೋಡು" ಎಂದಳು ಒಳಗಿನಿಂದ. "ತೆಗೀಲಿಲ್ಲಂದ್ರ ಒಲಿಗೆ ಹಾಕು."

ಓದಿದೆ. ಬಾಗಿಲು ತೆಗೆದರು. ನೀಲವ್ವನ ತಾಯಿ ಯಾಕೆ ಬಂದೆ ಎಂದು ಕೇಳಲಿಲ್ಲ. ಕೂಸನ್ನು ಇಸಿದುಕೊಂಡು, ಉಂಡೆಯಾ ಎಂದು ಕೇಳಿದಳು. ಓಬಮ್ಮ ಹುಣಸೆಹಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿ ತಾಳಲಾರದೆ ಮತ್ತಷ್ಟು ಅತ್ತಳು. ರೇಣುಕಾ ಹೊಸ್ತಿಲಿಗೆ ಬಂದು ನಿಂತಿದ್ದಳು.

"ಇಷ್ಟು ಬರಿಯಾಕ ಕೈಗೆ ಗೊತ್ತಿತ್ತು. ಬಾಯಿಗೆ ಏನು ಬಂದಿತ್ತು ಅವನಿಗೆ?" ಎಂದು ಬೈದು ಒಳಗೆ ಹೋದಳು. ಮಿಷನ್ ಮತ್ತೆ ಓಡತೊಡಗಿತು. ಇವತ್ತಿಗೂ ಅವಳು ಅವನ ಪುಸ್ತಕ ಮುಟ್ಟಿಲ್ಲ, ನಾನು ಮುಟ್ಟೆಂದು ಹೇಳಿಯೂ ಇಲ್ಲ. ಆದರೆ ಮಿಷನ್ ಇದ್ದಲ್ಲೇ ಇದೆ.

ಕಣ್ಣು ತೊಳೆದುಕೊಂಡು ಬಂದ ಓಬಮ್ಮನಿಗೆ ಚೇಷ್ಟೆ ಹೊಳೆಯಿತು. "ಯಕ್ಕಾ, ಅಷ್ಟು ದೊಡ್ಡ ಮನುಷ್ಯಾನ ಹೆಸರು ಊರಿಗೆ ಕೇಳಂಗ ಒದರಿದಿ. ಸತ್ತ ನಿನ್ನ ಗಂಡನ ಹೆಸರೂ ಒಂದ್ಸಲ ಹೇಳಿಬಿಡೇ, ಕೇಳಾಣ."

"ಯಾಕ ಹೇಳಬಾರ್ದು? ನನಗೇನು ಹೆದ್ರಿಕಿ?" ಎಂದು ಎದ್ದು ನಿಂತು ಬಾಯಿ ತೆರೆದೆ. ಕೈ ತಾನಾಗಿ ಮೇಲೆ ಹೋಗಿ ತಲೆಯ ಮೇಲೆ ಸೆರಗು ಎಳೆದುಕೊಂಡಿತು. ಬಾಯಿ ಮುಚ್ಚಿ, ಓಬಮ್ಮನ ಪಕ್ಕದಲ್ಲಿ ಕುಳಿತು, ಹುಣಸೆಹಣ್ಣು ಕುಟ್ಟತೊಡಗಿದೆ.