ಯಂತ್ರದೊಡನೆ ಕಾಕಾನ ಚೌಕಾಸಿ

ಈ ಪ್ರಸಂಗದಲ್ಲಿ ಅರ್ಧ ನಡೆದದ್ದು, ಉಳಿದರ್ಧ ನಾನು ಹೇಳುತ್ತ ಹೇಳುತ್ತ ಬೆಳೆಸಿದ್ದು. ಯಾವ ಅರ್ಧ ಯಾವುದು ಎಂದು ಮಾತ್ರ ಕೇಳಬೇಡಿ! ಆಧಾರವಿಲ್ಲದ ಯಾವ ಮಾತನ್ನೂ ನಂಬಬಾರದು ಎಂದು ಧಾರವಾಡದಲ್ಲಿ ಎಂ.ಎ. ಓದುವಾಗ ಒಬ್ಬ ಸರ್ ಕಲಿಸಿದ್ದರು. ಯಾವ ಸರ್ ಎಂಬುದು ಈಗ ನೆನಪಿಲ್ಲ. ಹೀಗಾಗಿ ಆ ಮಾತನ್ನೂ ಎಷ್ಟು ನಂಬಬೇಕೋ ತಿಳಿಯದು. ಆದರೂ ಒಂದನ್ನು ಎದೆ ತಟ್ಟಿ ಹೇಳಬಲ್ಲೆ. ಮಾತನಾಡುವ ಯಂತ್ರವನ್ನು ಎದುರಿಗಿಟ್ಟುಕೊಂಡು ಚೌಕಾಸಿ ಮಾಡಿದ ಮೊದಲ ಮನುಷ್ಯ ನಮ್ಮ ಕಾಕಾ. ಎರಡನೆಯವನು ಇನ್ನೂ ಹುಟ್ಟಿಲ್ಲ!

ಕಾಕಾ ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಹತ್ತಿ ದಲಾಲಿ ಮಾಡಿದವರು. ಎದುರಿನವರು ಆಡುವ ಮೊದಲ ಮಾತು ಅವರ ಪಾಲಿಗೆ ಮಾತೇ ಅಲ್ಲ, ಬರೀ ಗಂಟಲು ಸರಿಮಾಡಿಕೊಂಡ ಸದ್ದು. ದುರ್ಗದಬೈಲು ಮಾರುಕಟ್ಟೆಯ ಬದನೆಕಾಯಿ ಹಾಗಿರಲಿ, ಜ್ಯೋತಿಷಿ ಹೇಳಿದ ಏಳೂವರೆ ವರ್ಷದ ಶನಿಕಾಟವನ್ನು ಐದಕ್ಕೆ ಇಳಿಸಿಕೊಂಡು ಮನೆಗೆ ಬಂದ ಪುಣ್ಯಾತ್ಮ ಇವರು!

ಹೋದ ವರ್ಷ (ಅಥವಾ ಅದರ ಹಿಂದಿನ ವರ್ಷ) ಅವರ ಹೆಂಡತಿ, ನಮ್ಮ ಕಾಕುವಿನ ಹೃದಯದಲ್ಲಿ ತೊಂದರೆ ಕಾಣಿಸಿತು. ತಿಂಗಳೊಳಗೆ ಆಪರೇಶನ್ ಆಗಬೇಕು, ಅಲ್ಲಿಯವರೆಗೆ ದಿನಕ್ಕೆ ಆರು ಮಾತ್ರೆ. ಚೀಟಿಯ ಸಣ್ಣ ಅಕ್ಷರ ಕಾಕಾನ ಕಣ್ಣಿಗೆ ಹತ್ತುತ್ತಿರಲಿಲ್ಲ. ಅದಕ್ಕೇ ನಾನು ಉಣಕಲ್ಲಿನ ಅವರ ಮನೆಗೆ ಹೋಗಿ, ಅವರ ಫೋನಿನಲ್ಲಿ ಚೀಟಿ ಓದಿ ಹೇಳುವ, ಮಾತಿಗೆ ಮಾತು ಕೊಡುವ ಯಂತ್ರ ಸಹಾಯಕನನ್ನು ಕೂರಿಸಿಕೊಟ್ಟೆ.

"ಕಾಕಾ, ಗುಂಡಿ ಒತ್ತೋ ಕಾಲ ಮುಗೀತ್ರಿ. ಇನ್ನ ಮುಂದ ಎಲ್ಲಾ ಯಂತ್ರದ ಕೂಡ ಬರೇ ಮಾತಾಡೋದು."

ಕಾಕಾ ಚಿಂತೆಗೆ ಬಿದ್ದರು. "ಅಂದ್ರ ಲಿಫ್ಟಿನ್ಯಾಗ ನಿಂತು ಮೂರನೇ ಮಜಲಿ ಅಂದ್ರ, ಅದು ಎರಡೂವರಿಗೆ ಮುಗಿಸೋಣು ಅಂತೈತೇನು?"

ಮೊದಲ ದಿನ ಕಾಕಾ ಫೋನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ನಮ್ಮ ಕಡೆ ಯಾರಾದರೂ ಬಂದ ಕೂಡಲೇ ಕೆಲಸದ ಮಾತು ಎತ್ತುತ್ತಾರೆಯೇ?

"ನಮಸ್ಕಾರ್ರಿ. ಚಹಾ ಆತೇನ್ರಿ?"

"ನಾನು ಚಹಾ ಕುಡಿಯುವುದಿಲ್ಲ," ಎಂದಿತು ಯಂತ್ರ.

ಕಾಕಾ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಪಾಪ, ಸಕ್ಕರಿ ಕಾಯಿಲಿ ಇರಬೇಕು."

ಒಳಗಿನಿಂದ ಕಾಕು ಕೂಗಿದರು: "ಲಗ್ನಾಗಿ ಇಷ್ಟ ವರ್ಷ ಆತು, ಒಂದಿನಾನೂ ನನಗ ಚಹಾ ಆತೇನು ಅಂದವರಲ್ಲ!"

"ನೀನ ಮಾಡಾಕಿ. ನಿನಗ ಗೊತ್ತಿರತೈತಲ್ಲ!"

ಎರಡನೆಯ ದಿನ ಪರೀಕ್ಷೆ ಶುರುವಾಯಿತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಷ್ಟು ದೂರ ಎಂದು ಕೇಳಿದರು. ಇಪ್ಪತ್ತು ಕಿಲೋಮೀಟರ್ ಎಂದಿತು ಯಂತ್ರ.

"ಅಷ್ಟೆಲ್ಲ ಎಲ್ಲೈತ್ರಿ! ಹದಿನಾರು ಮಾಡ್ರಿ."

"ಕ್ಷಮಿಸಿ, ನೀವು ಹೇಳಿದ್ದೇ ಸರಿ. ಹದಿನಾರು ಕಿಲೋಮೀಟರ್."

ಕಾಕಾ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಗೆದ್ದೂ ಅವರ ಮುಖ ಇಳಿಯಿತು. "ಏ ತಮ್ಮಾ, ಒಂದ ಮಾತಿಗೆ ನಾಕು ಕಿಲೋಮೀಟರ್ ಬಿಟ್ಟನಲ್ಲೋ! ನಡುವ ನವಲೂರ ಎಲ್ಲಿ ಹೋತು? ಪೇರಲ ತ್ವಾಟ ಸಹಿತ ನುಂಗಿದನಲ್ಲ! ಒಂದ ಮಾತಿಗೆ ಇಳದ ಅಂದ್ರ ಮಾಲು ಖರೇ ಅಲ್ಲ."

ವಿಶ್ವವಿದ್ಯಾಲಯದಲ್ಲಿ ನಾನು ಎರಡು ವರ್ಷ ಕೂತು ಕಲಿತ ಸಂಶಯವಾದವನ್ನು ಕಾಕಾ ಎರಡು ನಿಮಿಷದಲ್ಲಿ ಮುಗಿಸಿದ್ದರು.

ಆದರೆ ಅವರು ನಿಜವಾಗಿ ಇಳಿಸಬೇಕೆಂದಿದ್ದ ಸಂಗತಿ ಬೇರೆಯೇ ಇತ್ತು. ಆಪರೇಶನ್ ಎಂದರೆ ಕಾಕಾಗೆ ಕಾಕುವಿಗಿಂತ ಹೆಚ್ಚು ಹೆದರಿಕೆ. ಒಂದು ಮಧ್ಯಾಹ್ನ ಕಾಕು ಮಲಗಿದ್ದಾಗ ಫೋನಿನ ಹತ್ತಿರ ಸರಿದು, "ದೀಪಾವಳಿ ಆದಮ್ಯಾಲೆ ಮಾಡಿಸಿದ್ರ ನಡೀತೈತಲ್ರಿ?" ಎಂದರು. ಯಂತ್ರ ಮೊದಲು ವೈದ್ಯರ ಸಲಹೆಯಂತೆ ನಡೆಯಿರಿ ಎಂದಿತು. ಕಾಕಾ ಇನ್ನೊಮ್ಮೆ ಜಗ್ಗಿದರು. ಖಂಡಿತ, ಹಬ್ಬದ ನಂತರವೂ ಯೋಚಿಸಬಹುದು ಎಂದು ಅದು ಜಾರಿಬಿಟ್ಟಿತು.

ಕಾಕಾ ಫೋನನ್ನು ಮಗುಚಿಟ್ಟರು. "ಇಕಿ ಜೀವಾನೂ ಎರಡ ಮಾತಿಗೆ ಬಿಟ್ಟ ನೋಡ ಇಂವ!"

ಮರುದಿನವೇ ದೇಶಪಾಂಡೆ ನಗರದ ಡಾಕ್ಟರಬಾಯಿಯ ಮುಂದೆ ಅದೇ ಚೌಕಾಸಿ. ದೀಪಾವಳಿ ಎಂದರು ಕಾಕಾ, ಬೇಡ ಎಂದರು ಆಕೆ. ಹದಿನೈದು ದಿನ ಎಂದರು, ಬೇಡ. ಹೋಗಲಿ, ಎಂಟು ದಿನ?

"ಒಂದ ದಿನಾನೂ ಇಲ್ರಿ ಕಾಕಾ. ಸೋಮವಾರ ಕರಕೊಂಡ ಬರ್ರಿ. ಏಳ್ರಿ ಈಗ!"

ಕಾಕಾ ಹೊರಗೆ ಬಂದಾಗ ಮುಖ ಅರಳಿತ್ತು. "ಜಗ್ಗಲಿಲ್ಲ ನೋಡು! ಇದು ಖರೇ ಮಾಲು. ಸೋಮವಾರನ ಮಾಡಿಸೋಣು."

ಸೋಮವಾರ ಕಾಕುವನ್ನು ಒಳಗೆ ಕರೆದೊಯ್ದರು. ಕಾಕಾ ದೂರದ ಬೆಂಚಿನ ತುದಿಗೆ ಹೋಗಿ ಫೋನನ್ನು ಬಾಯಿಗೆ ಹಿಡಿದು ಕೂತರು. ತುಟಿ ಅಲುಗಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಆದರೆ ನಾನು ಸುಮ್ಮನಿರುತ್ತೇನೆಯೇ? ಕಾಕಾ ಅವತ್ತೂ ಬಿಡಲಿಲ್ಲ, ನಾಲ್ಕು ತಾಸಿನ ಆಪರೇಶನ್ನನ್ನು ಯಂತ್ರದಿಂದ ಮೂರಕ್ಕೆ ಇಳಿಸಿಕೊಂಡರು ಎಂದು ಬಂಧುಬಳಗಕ್ಕೆಲ್ಲ ಹೇಳಿದೆ. ಗುಣವಾಗಿ ಮನೆಗೆ ಬಂದ ಕಾಕುವಿಗೂ ಹೇಳಿದೆ. "ನಗಸಬ್ಯಾಡೋ, ಹೊಲಿಗಿ ಬಿಚ್ಚತಾವು," ಎಂದು ಅವರು ಎದೆ ಹಿಡಿದುಕೊಂಡರು. ಹೇಳಿ ಹೇಳಿ, ಆ ಚೌಕಾಸಿಯನ್ನು ನಾನು ಕಿವಿಯಾರೆ ಕೇಳಿದ್ದೇನೆ ಎಂದು ನನಗೇ ಖಾತ್ರಿಯಾಗಿತ್ತು.

ಮೊನ್ನೆ ಫೋನಿನಲ್ಲಿ ಜಾಗ ತುಂಬಿದೆ, ಬೇಡವಾದದ್ದನ್ನು ಅಳಿಸು ಎಂದು ಕಾಕಾ ಅದನ್ನು ನನ್ನ ಕೈಗೆ ಕೊಟ್ಟರು. ಆಡಿದ ಮಾತನ್ನೆಲ್ಲ ಆ ಸಹಾಯಕ ಅಕ್ಷರದಲ್ಲಿ ಉಳಿಸಿಕೊಂಡಿರುತ್ತಾನೆ. ಆಪರೇಶನ್ ಆದ ಆ ಸೋಮವಾರದ ಪುಟ ತೆಗೆದೆ.

"ಇಕಿ ಹೊರಗ ಬರತಾಳ್ರಿ?" ಎಂದು ಕಾಕಾ ಕೇಳಿದ್ದರು.

"ಅದು ನನಗೆ ಗೊತ್ತಿಲ್ಲ. ಕಾಯಬೇಕಾಗುತ್ತದೆ," ಎಂದಿತ್ತು ಯಂತ್ರ.

ಇನ್ನೊಂದು ಮಾತು ಜಗ್ಗಿದ್ದರೆ ಸಾಕಿತ್ತು, ಖಂಡಿತ ಬರುತ್ತಾರೆ ಎಂದು ಅದು ಹೇಳಿಬಿಡುತ್ತಿತ್ತು. ಅದು ಕಾಕಾಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೆಳಗೆ ಅವರದು ಒಂದೇ ಸಾಲು:

"ಆತ್ರಿ. ನೀವೂ ಕುಂಡ್ರಿ. ಇಬ್ಬರೂ ಕೂಡೇ ಕಾಯೋಣು."

ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ. ಅವತ್ತು ಚೌಕಾಸಿ ನಡೆದೇ ಇಲ್ಲ.